ಸಿಹಿ ಬನ್ನಿಗೆ ಹಚ್ಚಿದ ರಂಜಕ

ಚಿಕ್ಕೋಡಿಯಲ್ಲಿ ಕೋರ್ಟಿನ ಕಡೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಬೇಕರಿ ಇದೆ. ಮುಂದೆ ಚಹಾ, ಒಳಗೆ ಭಟ್ಟಿ. ಕೊಲ್ಹಾಪುರದ ಬಸ್ಸು ಹಿಡಿಯುವವರು, ಕೋರ್ಟಿನ ತಾರೀಖಿಗೆಂದು ಹಳ್ಳಿಗಳಿಂದ ಬಂದವರು ಬೆಳಿಗ್ಗೆ ನಿಂತಲ್ಲೇ ಸಿಹಿ ಬನ್ನನ್ನು ಚಹಾದಲ್ಲಿ ಅದ್ದಿ ತಿಂದು ಹೋಗುತ್ತಾರೆ. ಆ ಬನ್ನಿಗೆ ಬೆಣ್ಣೆ ಬಿಟ್ಟು ಬೇರೇನೂ ಹಚ್ಚುವ ಯೋಚನೆ ನಮಗೆ ಬಂದಿರಲಿಲ್ಲ, ಅತ್ತೆ ನಮ್ಮಲ್ಲಿಗೆ ಬರುವವರೆಗೆ.

ಅತ್ತೆ ಕಬ್ಬೂರಿನಲ್ಲಿ ಭಾವನವರ ಜೊತೆ ಇದ್ದವರು. ಆ ಊರಲ್ಲಿ ಯಾರ ಮನೆಯ ಕಾರ್ಯವಿದ್ದರೂ ಅಡಿಗೆಯನ್ನು ಪಂಕ್ತಿಗೆ ಬಡಿಸುವ ಮೊದಲು ಒಂದು ಸೌಟು ಅತ್ತೆಯ ಅಂಗೈಗೆ ಬೀಳಬೇಕು. ಅವರು ನೆಕ್ಕಿ, ಕಣ್ಣು ಮುಚ್ಚಿ, "ಒಂದ್ ಚಿಟಕಿ ಉಪ್ಪ ಹಾಕ್ರಿ" ಅಂದರೆ ಮುಗಿಯಿತು. ಅಂಥವರಿಗೆ ಒಂದು ದೊಡ್ಡ ಜ್ವರ ಬಂದು ಹೋಯಿತು. ಹೋಗುವಾಗ ಬಾಯಿಯ ರುಚಿಯನ್ನೂ ಮೂಗಿನ ವಾಸನೆಯನ್ನೂ ತೆಗೆದುಕೊಂಡು ಹೋಯಿತು.

ಅತ್ತೆ ಉಣ್ಣುವುದನ್ನೇ ಬಿಟ್ಟರು. "ಮಣ್ಣ ಜಗದಂಗ ಆಗತೈತಿ" ಅನ್ನುತ್ತಿದ್ದರು. ಬಳೆಗಳು ಮೊಳಕೈವರೆಗೆ ಏರತೊಡಗಿದಾಗ ನಮ್ಮ ಮನೆಯವರು ಹೋಗಿ ಕರೆದುಕೊಂಡು ಬಂದರು. ಚಿಕ್ಕೋಡಿಯ ಡಾಕ್ಟರು ನೋಡಿ, "ರುಚಿ ತಿರುಗಿ ಬರಬಹುದು, ಯಾವಾಗ ಅಂತ ಹೇಳಾಕ ಆಗಂಗಿಲ್ಲ. ಬ್ಯಾರೆ ಬ್ಯಾರೆ ರುಚಿ ತೋರಸ್ಕೋತ ಇರ್ರಿ" ಎಂದರು.

ಗಂಟಲಲ್ಲಿ ಸುಲಭವಾಗಿ ಇಳಿಯುತ್ತಿದ್ದದ್ದು ಮೆತ್ತಗಿನ ಸಿಹಿ ಬನ್ ಒಂದೇ. ಮೊದಲ ಬೆಳಿಗ್ಗೆ ಒಂದು ತುತ್ತು ತಿಂದು ಕೆಳಗಿಟ್ಟರು. ಎರಡನೆಯ ಬೆಳಿಗ್ಗೆ ಅಡಿಗೆಮನೆಗೆ ತಾವೇ ಹೋಗಿ, ಹಸಿ ಕೆಂಪು ಮೆಣಸಿನಕಾಯಿ ಅರೆದ ರಂಜಕದ ಭರಣಿ ತಂದು, ಬನ್ನನ್ನು ಸೀಳಿ, ಬೆರಳಿನಿಂದಲೇ ದಪ್ಪಗೆ ಬಳಿದರು.

ನಮ್ಮ ಮನೆಯವರು ಗಾಬರಿಯಾದರು. "ಯವ್ವಾ, ಸಿಹಿ ಬನ್ ಐತಿ ಅದು. ಖಾರ ಯಾಕ ಹಚ್ಚಾಕತ್ತಿ?"

"ಸಿಹಿ ಐತಿ ಅಂತ ನೀ ಹೇಳ್ತಿ. ನನ್ನ ನಾಲಿಗಿ ಹೇಳವಲ್ದಲ್ಲ."

ತಿಂದರು. ಕಣ್ಣಲ್ಲಿ ನೀರು ಬಂತು, ಮೂಗು ಸೋರಿತು.

"ರುಚಿ ಗೊತ್ತಾತೇನ್ರಿ ಅತ್ತಿ?" ಎಂದೆ.

"ಇಲ್ಲ. ಉರದದ್ದು ಗೊತ್ತಾತು. ನಾಳೆ ಬ್ಯಾರೆ ಏನರ ಹಚ್ಚೋಣು."

ಅಂದಿನಿಂದ ದಿನಕ್ಕೊಂದು ಶುರುವಾಯಿತು. ಗುರೆಳ್ಳು ಚಟ್ನಿ ಪುಡಿಗೆ ಎಣ್ಣೆ ಕಲಸಿ ಹಚ್ಚಿದೆವು. ನೀರು ಬೆಲ್ಲದಂಥ ಕಾಕಂಬಿ ಸುರಿದು ಮೇಲೆ ಕುಟ್ಟಿದ ಶೇಂಗಾ ಉದುರಿಸಿದೆವು. ಹೆಚ್ಚಿದ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಹಸಿಮೆಣಸಿನಕಾಯಿ ಠೇಚಾ, ಗಟ್ಟಿ ಮೊಸರಿನ ಮೇಲೆ ಅಗಸೆ ಪುಡಿ. ಅತ್ತೆ ಕಣ್ಣು ಮುಚ್ಚಿ ಕೂರುವುದು, ನಾನು ತುತ್ತು ಕೊಡುವುದು, ಅವರು ನಿಧಾನವಾಗಿ ಜಗಿದು ತಲೆ ಅಲ್ಲಾಡಿಸುವುದು. ಶೇಂಗಾ ಬಂದಾಗ ಮಾತ್ರ, "ಕರುಂ ಕರುಂ ಅಂತೈತಿ, ಚಲೋ ಐತಿ" ಎಂದು ಇಡೀ ಬನ್ ಮುಗಿಸಿದರು. ರುಚಿ ಸಿಗದಿದ್ದರೂ ಹೊಟ್ಟೆಗೆ ಅಷ್ಟು ಹೋಯಿತಲ್ಲ ಅಂತ ನನಗೆ ಸಮಾಧಾನವಾಯಿತು.

ಗಿರಾಕಿಗಳು ನೋಡುತ್ತಿದ್ದರು. ಒಂದು ದಿನ ಕೊಲ್ಹಾಪುರ ಬಸ್ಸಿನ ಕಂಡಕ್ಟರು ಚಹಾ ಕುಡಿಯುತ್ತ ನಿಂತು, "ಆಜಿ, ಹೇ ಕಾಯ್?" ಎಂದು ಅದೇನೆಂದು ಮರಾಠಿಯಲ್ಲಿ ವಿಚಾರಿಸಿದರು. ಅತ್ತೆ ಕನ್ನಡದಲ್ಲೇ, "ಬನ್ನಿಗೆ ಠೇಚಾ ಹಚ್ಚೇನಿ. ತಿಂತೀರೇನು?" ಎಂದು ಅರ್ಧ ಮುರಿದು ಕೊಟ್ಟರು. ಅವರು ತಿಂದು, ಕೆಮ್ಮಿ, ಕಣ್ಣೊರೆಸಿಕೊಂಡು, ಇನ್ನೊಂದು ಬನ್ನಿಗೆ ಕೆಳಗೆ ಕಾಕಂಬಿ, ಮೇಲೆ ಠೇಚಾ ಹಚ್ಚಿಸಿಕೊಂಡು ಹೋದರು. ಮರುದಿನ ಡ್ರೈವರನ್ನೂ ಕರೆತಂದರು.

"ಮಂದಿ ನಗತಾರ ಯವ್ವಾ" ಎಂದರು ನಮ್ಮ ಮನೆಯವರು.

"ನಗಲಿ. ನಕ್ಕರ ಬನ್ ಕೆಡತೈತೇನು?"

ಆ ನಡುವೆಯೇ ರಾಯಬಾಗದಲ್ಲಿ ನೆಂಟರ ಮನೆಯ ಸೀಮಂತ ಬಂತು. ಅತ್ತೆಯ ರುಚಿ ಹೋದ ವಿಷಯ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೆಂಟರಲ್ಲೂ ಇದ್ದ ಅದೇ ವಾಡಿಕೆಯಂತೆ ಆ ಮನೆಯ ಹಿರಿಯರು ಸೌಟಿನಲ್ಲಿ ಸಾರು ತಂದು ಅತ್ತೆಯ ಮುಂದೆ ಹಿಡಿದರು. ನಾನು ನಡುವೆ ಬಾಯಿ ಹಾಕಬೇಕೆನ್ನುವಷ್ಟರಲ್ಲಿ ಅತ್ತೆ ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟರು: "ನನಗ ರುಚಿ ಗೊತ್ತಾಗಂಗಿಲ್ರಿ ಈಗ. ಬ್ಯಾರೇದವ್ರಿಗೆ ತೋರಸ್ರಿ." ಯಾರೋ "ಪಾಪ" ಅಂದರು. ಆ ಮಾತು ಅವರಿಗೆ ರಂಜಕಕ್ಕಿಂತ ಹೆಚ್ಚು ಉರಿದಿರಬೇಕು. ಬಸ್ಸಿನಲ್ಲಿ ತಿರುಗಿ ಬರುವಾಗ ದಾರಿಯುದ್ದಕ್ಕೂ ಕಬ್ಬಿನ ಹೊಲಗಳನ್ನು ನೋಡುತ್ತ ಕುಳಿತರು.

ಇನ್ನು ಅತ್ತೆ ಬನ್ನಿನ ಕಡೆ ತಿರುಗಿಯೂ ನೋಡುವುದಿಲ್ಲ ಅಂದುಕೊಂಡೆ. ಮರುದಿನ ನಾನು ಏಳುವುದರೊಳಗೆ ಸ್ನಾನ ಮುಗಿಸಿ ಭಟ್ಟಿಯ ಹತ್ತಿರ ಸ್ಟೂಲು ಹಾಕಿಕೊಂಡು ಕುಳಿತಿದ್ದರು. "ಇವತ್ತ ಏನ ಹಚ್ಚತಿ?" ಎಂದರು.

ಆ ವಾರ ಅಥಣಿ ಕಡೆಯ ನನ್ನ ತಮ್ಮ ತೋಟದಿಂದ ಒಂದು ಚೀಲ ಎಳೆ ದ್ರಾಕ್ಷಿ ತಂದುಕೊಟ್ಟಿದ್ದ. ಗೊನೆ ತೆಳುಮಾಡುವಾಗ ಕಿತ್ತು ಚೆಲ್ಲುವಂಥವು, ಹಲ್ಲು ಚಳಿಯುವಷ್ಟು ಹುಳಿ. ಅವನ್ನು ಜಜ್ಜಿ, ಉಪ್ಪು, ಹಸಿಮೆಣಸಿನಕಾಯಿ, ಸ್ವಲ್ಪ ಬೆಲ್ಲ ಹಾಕಿ ಕುದಿಸಿ ತೊಕ್ಕು ಮಾಡಿದ್ದೆ. ಬನ್ನಿಗೆ ಹಚ್ಚಿ ಕೊಟ್ಟೆ. ಅತ್ತೆ ಎರಡು ಸಲ ಜಗಿದು ನಿಲ್ಲಿಸಿದರು. ದವಡೆ ಬಿಗಿಯಿತು.

"ಹುಳಿ" ಎಂದರು.

"ಏನಂದ್ರಿ?"

"ಹುಳಿ ಐತಿ. ನಾಲಿಗಿ ಬದೀಗೆ, ಇಲ್ಲೆ."

ನನಗೆ ನಂಬಿಕೆ ಬರಲಿಲ್ಲ. ಏನೂ ಹಚ್ಚದ ಬನ್ನಿನ ತುಂಡನ್ನು ಕಣ್ಣು ಮುಚ್ಚಿಕೊಂಡೇ ಇದ್ದ ಅತ್ತೆಯ ಬಾಯಿಗೆ ಇಟ್ಟೆ. ಜಗಿದರು. "ಇದರಾಗ ಇಲ್ಲ. ನನ್ನ ಪರೀಕ್ಷಾ ಮಾಡ್ತಿ ಏನ್ ಬೇ?" ಎಂದು ಕಣ್ಣು ತೆರೆದರು. ಇಬ್ಬರೂ ನಕ್ಕೆವು, ನಗುತ್ತಲೇ ನನಗೆ ಅಳು ಬಂತು. ಅವರು ಅಳಲಿಲ್ಲ. "ಇನ್ನೊಂದ ತುತ್ತ ಕೊಡ" ಎಂದರು.

ಹುಳಿಯ ಹಿಂದೆ ಉಪ್ಪು ಬಂತು, ಆಮೇಲೆ ಮೆಂತೆಯ ಕಹಿ. ಸಿಹಿ ಈಗಲೂ ಪೂರ್ತಿ ಬಂದಿಲ್ಲ. ಚಹಾಕ್ಕೆ ಸಕ್ಕರೆ ಸಾಕೋ ಇನ್ನೂ ಬೇಕೋ ಅಂತ ನನ್ನನ್ನೇ ಕೇಳುತ್ತಾರೆ, ಕೇಳಲು ನಾಚುವುದಿಲ್ಲ. ಬೇಕರಿಯ ಮುಂದಿನ ಮೇಜಿನ ಮೇಲೆ ದ್ರಾಕ್ಷಿ ತೊಕ್ಕು, ಗುರೆಳ್ಳು, ಠೇಚಾ ಕಾಯಂ ಇರುತ್ತವೆ. ಬೇಕಾದವರು ಬನ್ನಿಗೆ ಹಚ್ಚಿಕೊಳ್ಳುತ್ತಾರೆ.

ಮೊನ್ನೆ ಬೆಳಿಗ್ಗೆ ಗಿರಾಕಿಗಳ ಗದ್ದಲದಲ್ಲಿ ನಾನು ಮುಂದೆ ನಿಂತಿದ್ದೆ. ಹಿತ್ತಲಿನಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು: "ಹೊತ್ತಿದ ವಾಸನಿ ಬರಾಕತ್ತೈತಿ! ಭಟ್ಟಿ ನೋಡ ಬೇ ಲಗೂನ!"

ಓಡಿಹೋಗಿ ಬಾಗಿಲು ತೆಗೆದೆ. ಟ್ರೇಯ ಬನ್ನುಗಳೆಲ್ಲ ಕರ್ರಗಾಗಿದ್ದವು. ಅವನ್ನು ಹೊರಗೆಳೆದು ನಿಂತಾಗಲೇ ನನಗೆ ಹೊಳೆದದ್ದು, ನನ್ನ ಮೂಗಿಗೆ ಬಡಿಯುವ ಮೊದಲು ಆ ವಾಸನೆ ಅತ್ತೆಗೆ ಬಡಿದಿತ್ತು ಎಂದು. ಅಷ್ಟರಲ್ಲಿ ಅವರೂ ಬಾಗಿಲಿಗೆ ಬಂದಿದ್ದರು. ಸುಟ್ಟ ಬನ್ನೊಂದನ್ನು ಎತ್ತಿ ಮೂಗಿಗೆ ಹಿಡಿದು, ಎದೆ ತುಂಬ ಉಸಿರು ಎಳೆದುಕೊಂಡರು.