ಹೂಡೆಯಲ್ಲಿ ಕುಡಿಯದೆ ಬಿಟ್ಟ ನೀರು

ಕಾಪುವಿನಲ್ಲಿ ನಾವು ಮನೆ ಕಟ್ಟಿಸಿದಾಗ ಅಂಗಳವೆಂದರೆ ಬರೀ ಹೊಯ್ಗೆ, ಕಡಲ ಮರಳು. ಅದರಲ್ಲಿ ನೆಟ್ಟ ದಾಸವಾಳ ಕೂಡ ಸಮುದ್ರದ ಗಾಳಿಗೆ ಎಲೆಯ ಅಂಚು ಕರಟಿ ಸಾಯುತ್ತಿತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಪ್ರಾಥಮಿಕ ಶಾಲೆಯ ಟೀಚರ್, ಗಂಡ ಕೆಮ್ಮಣ್ಣು ಎಂಬ ಊರಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತರು. ಒಂದು ದಿನ ಅವರೇ ಹೇಳಿದರು: "ನಾಲ್ಕು ಕಡೆಯ ತೋಟ ನೋಡಿಕೊಂಡು ಬರುವ. ಎಂತಾದರೂ ಹೊಳೆಯಬಹುದು."

ಮೊದಲು ಹೋದದ್ದು ಮಣಿಪಾಲಕ್ಕೆ, ಅವರ ಮ್ಯಾನೇಜರರ ಮನೆಗೆ. ಕತ್ತರಿಸಿ ಒಂದೇ ಮಟ್ಟ ಮಾಡಿದ ಹುಲ್ಲು, ಕಾವಿ ಬಳಿದ ಕುಂಡಗಳಲ್ಲಿ ಕ್ರೋಟನ್, ಗೋಡೆಯುದ್ದಕ್ಕೂ ಗುಲಾಬಿ. ಮ್ಯಾನೇಜರರ ಹೆಂಡತಿ ಒಂದೊಂದು ಗಿಡದ ಮುಂದೆಯೂ ನಮ್ಮನ್ನು ನಿಲ್ಲಿಸಿ ವಿವರಿಸಿದರು. ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತಿ ನೀರು ಕೇಳಿದಳು. ಗುಲಾಬಿಯ ಬುಡದಲ್ಲಿ ಒಂದು ತೆಂಗಿನ ಗೆರಟೆ ಬಿದ್ದಿತ್ತು. ಸೆಗಣಿ ನೀರು ಹೊಯ್ಯುವ ಗೆರಟೆ. ಅದರ ಅಂಚಿನಲ್ಲಿ ಒಣಗಿದ ಸೆಗಣಿಯ ಹಸಿರು ಹಕ್ಕಳೆ ಹಾಗೇ ಇತ್ತು. ಯಜಮಾನಿತಿ ಅದನ್ನು ಕಾಲಿನಿಂದ ಅವಳತ್ತ ಸರಿಸಿ, ಚೊಂಬನ್ನು ಎತ್ತರಕ್ಕೆ ಹಿಡಿದು ನೀರು ಬಿಟ್ಟರು. ಅರ್ಧ ನೀರು ಮಣ್ಣಿಗೆ ಹೋಯಿತು. ಉಳಿದದ್ದನ್ನು ಅವಳು ಕುಡಿದಳು.

ಹುಳ್ಳಗಾದ ನನ್ನ ಮುಖ ನೋಡಿ ಯಜಮಾನಿತಿ ಹೇಳಿದರು: "ಲೋಟದಲ್ಲಿ ಕೊಟ್ಟರೆ ಮತ್ತೆ ಆ ಲೋಟವನ್ನು ನಾವು ಎಂತ ಮಾಡುವುದು, ಅಲ್ವಾ ಟೀಚರ್?"

ಒಳಗೆ ಕೂತು ಅವರು ಕೊಟ್ಟ ಉಪ್ಪಿಟ್ಟು ತಿಂದೆ. ಒದ್ದೆ ಕಾಗದದಲ್ಲಿ ಸುತ್ತಿ ಕೊಟ್ಟ ಮೂರು ಗುಲಾಬಿ ಗೆಲ್ಲುಗಳನ್ನು ತೆಗೆದುಕೊಂಡು ಥ್ಯಾಂಕ್ಸ್ ಹೇಳಿದೆ. ಬಸ್ಸು ಹತ್ತುವ ಮೊದಲು ಅವನ್ನು ಚರಂಡಿಗೆ ಎಸೆದೆ.

"ಗಿಡದ್ದು ಎಂತ ತಪ್ಪು ಮಾರಾಯ್ತಿ?" ಎಂದರು ಗಂಡ.

ಉಡುಪಿಯವರೆಗೂ, ಅಲ್ಲಿ ಬಸ್ಸು ಬದಲಿಸಿ ಕಾಪು ಮುಟ್ಟುವವರೆಗೂ ನಾನು ಮ್ಯಾನೇಜರರ ಹೆಂಡತಿಯನ್ನು ಬಯ್ಯುತ್ತಲೇ ಇದ್ದೆ. ಬಯ್ದಷ್ಟೂ ನನಗೆ ನಾನೇ ದೊಡ್ಡವಳಾಗಿ ಕಂಡೆ.

ಮುಂದಿನ ತಿಂಗಳು ಹೂಡೆಗೆ ಹೋದೆವು. ಬ್ಯಾಂಕಿಗೆ ಬರುತ್ತಿದ್ದ ವಯಸ್ಸಾದ ಬ್ಯಾರಿ ಮುಸ್ಲಿಂ ಹೆಂಗಸೊಬ್ಬರು, ಹೊಯ್ಗೆಯಲ್ಲಿ ಏನೂ ಬೆಳೆಯುವುದಿಲ್ಲವೆಂಬ ನಮ್ಮ ದೂರು ಕೇಳಿ, ತಮ್ಮ ಮನೆಗೆ ಬಂದು ನೋಡಲು ಹೇಳಿದ್ದರು. ಅವರ ಅಂಗಳವೂ ನಮ್ಮದರ ಹಾಗೆ ಹೊಯ್ಗೆಯೇ. ಆದರೆ ಬಸಳೆ ಚಪ್ಪರ ಕೆಳಗೆ ಬಿಸಿಲು ಇಳಿಯದಷ್ಟು ದಟ್ಟವಾಗಿತ್ತು. ಮಲ್ಲಿಗೆ ಎದೆಯ ಮಟ್ಟ ಬಂದಿತ್ತು. ಗೊಬ್ಬರ ಎಂತದ್ದು ಎಂದು ಕೇಳಿದೆ. ಅವರು ನಗುತ್ತ ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಗುಂಡಿಯ ಮೇಲಿನ ತೆಂಗಿನ ಗರಿಯ ಮಡಲು ಸರಿಸಿದರು.

ಒಳಗೆ ಬೂತಾಯಿ ಮೀನಿನ ತಲೆ, ಕರುಳು, ಕೊಳೆತ ನೀರು. ಮೇಲೆ ಬಿಳಿ ಹುಳಗಳು ಮಿಜಿಮಿಜಿ ಎನ್ನುತ್ತಿದ್ದವು. ಅವರು ಕೋಲಿನಿಂದ ಒಮ್ಮೆ ಕಲಕಿದರು. ಮೀನು ತಿನ್ನದ ಮನೆಯಲ್ಲಿ ಬೆಳೆದ ನಾನು ತೆಂಗಿನ ಮರದ ಬುಡಕ್ಕೆ ಓಡಿ ವಾಂತಿ ಮಾಡಿದೆ.

ಅವರು ಬೆನ್ನು ಸವರಿದರು. ಕೈಗೆ ನೀರು ಹೊಯ್ದು ಮುಖ ತೊಳೆಸಿದರು. ಒಳಗೆ ಹೋಗಿ ಹೊಳೆಯುವ ಸ್ಟೀಲ್ ಲೋಟದಲ್ಲಿ ನೀರು ತಂದರು.

"ಸ್ವಲ್ಪ ಕುಡೀರಿ ಟೀಚರ್. ಗಂಟಲು ಉರೀತದೆ."

ಲೋಟ ಕೈಗೆ ತೆಗೆದುಕೊಂಡೆ. ಗಂಟಲು ಉರಿಯುತ್ತಲೇ ಇತ್ತು. ಅವರ ಮನೆಯ ನೀರು ಬಾಯಿಯ ಹತ್ತಿರ ಬಂದಾಗ ಕೈ ತಾನಾಗಿಯೇ ನಿಂತಿತು. "ಬೇಡ, ಈಗ ಸರಿ ಆಯ್ತು" ಎಂದು ಜಗಲಿಯ ಮೇಲಿಟ್ಟೆ. ಪಕ್ಕದಲ್ಲೇ ಕೂತಿದ್ದ ನನ್ನ ಗಂಡ ಅವರು ಕೊಟ್ಟ ಚಹಾ ಕುಡಿದು ಮುಗಿಸಿದ್ದರು. ಮನೆಯೊಡತಿ ಲೋಟವನ್ನೂ ನನ್ನನ್ನೂ ನೋಡಿ, ನೀರನ್ನು ಮಲ್ಲಿಗೆಯ ಬುಡಕ್ಕೆ ಚೆಲ್ಲಿದರು.

ಬಸ್ಸಿನಲ್ಲಿ ಗಂಡ ಕೇಳಿದರು: "ಮಣಿಪಾಲದವರನ್ನು ಇವತ್ತು ಬಯ್ಯುವುದಿಲ್ವಾ?"

ಆ ಗುಂಡಿಯ ಹುಳಗಳು ನೆನಪಾದರೆ ಬರುತ್ತಿದ್ದ ಓಕರಿಕೆ ಕೆಲವು ದಿನದಲ್ಲಿ ಹೋಯಿತು. ಜಗಲಿಯ ಮೇಲೆ ನಾನಿಟ್ಟ ಲೋಟ ನೆನಪಾದಾಗಿನ ಅಸಹ್ಯ ಹೋಗಲಿಲ್ಲ. ಪಾಠ ಮಾಡುವಾಗಲೂ ಬರುತ್ತಿತ್ತು.

ಮಳೆಗಾಲ ಕಳೆದ ಮೇಲೆ ಒಬ್ಬಳೇ ಹೂಡೆಗೆ ಹೋದೆ. ಈ ಸಲ ನಾನೇ ಕೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ. ಜಗಲಿಯಲ್ಲಿ ಕೂತವಳೇ, "ಬಾಯಾರಿಕೆ ಆಗ್ತಾ ಉಂಟು, ಸ್ವಲ್ಪ ನೀರು ಕೊಡಿ" ಎಂದೆ.

ಅವರು ಒಳಗೆ ಹೋಗಲಿಲ್ಲ. ಎದುರಿನ ಅಂಗಡಿಗೆ ಕೂಗಿ ಗೋಲಿ ಸೋಡಾ ತರಿಸಿ, ನನ್ನ ಕಣ್ಣೆದುರೇ ಒಡೆಸಿದರು.

"ನೀವು ನಮ್ಮಲ್ಲಿ ನೀರು ಕುಡಿಯುವುದಿಲ್ಲ ಅಲ್ವಾ ಟೀಚರ್? ಇದಾದರೆ ಅಂಗಡಿಯದ್ದು, ತೊಂದರೆ ಇಲ್ಲ."

ಮಾತಿನಲ್ಲಿ ಕೊಂಕಿರಲಿಲ್ಲ. ಅತಿಥಿಗೆ ಅನುಕೂಲವಾಗಲಿ ಎಂದಷ್ಟೇ ಇತ್ತು. ಸೋಡಾ ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. ಪೂರ್ತಿ ಕುಡಿದೆ.

ಹೊರಡುವಾಗ ಅವರು ಬಸಳೆಯ ದಂಟು ಕಟ್ಟಿ ಕೊಟ್ಟರು. ಮೀನಿನ ನೀರು ಹೊಯ್ಯಲು ಮರೆಯಬಾರದೆಂದು ಎರಡು ಸಲ ಹೇಳಿದರು. ಮನೆಗೆ ಬಂದು ದಂಟು ನೆಟ್ಟು, ಸೆರಗನ್ನು ಮೂಗಿಗೆ ಕಟ್ಟಿಕೊಂಡು ಹೊಯ್ದೆ. ಮುಂದಿನ ವರ್ಷಕ್ಕೆ ನಮ್ಮ ಚಪ್ಪರವೂ ತುಂಬಿತು. ಬಂದ ನೆಂಟರು ಇದನ್ನೆಲ್ಲಿ ಕಲಿತದ್ದು ಎಂದು ಕೇಳುತ್ತಿದ್ದರು. ಹೂಡೆಯ ಮನೆ, ಗುಂಡಿ, ನನ್ನ ವಾಂತಿ ಎಲ್ಲವನ್ನೂ ನಗಿಸುತ್ತ ಹೇಳುತ್ತಿದ್ದೆ. ಲೋಟದ ವಿಷಯ ಮಾತ್ರ ಬಿಟ್ಟುಬಿಡುತ್ತಿದ್ದೆ.