ಹನ್ನೊಂದು ಸೆಕೆಂಡಿನ ರಸ್ತೆ

ನಮ್ಮ ಊರಿನ ಸಿಗ್ನಲ್ ಕಚೇರಿಯಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರನ್ನು ಎಲ್ಲರೂ ಗಾಲಿಯಣ್ಣ ಎಂದೇ ಕರೆಯುತ್ತಿದ್ದರು. ಕಾಲಿಗೆ ಗಾಲಿ ಕಟ್ಟಿಕೊಂಡಂತೆ ಅವರು ನಡೆಯುವುದನ್ನು ಒಮ್ಮೆ ನೋಡಿದವರು ಕಾರಣ ಕೇಳುತ್ತಿರಲಿಲ್ಲ. ಅವರ ಹೆಂಡತಿ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ನನ್ನ ಪಕ್ಕದ ಯಂತ್ರದವಳು. ಆದ್ದರಿಂದ ಇಲ್ಲಿರುವುದರಲ್ಲಿ ಅರ್ಧ ನಾನು ಕಂಡದ್ದು, ಅರ್ಧ ಅವಳು ಸೂಜಿಗೆ ದಾರ ಪೋಣಿಸುತ್ತ ಹೇಳಿದ್ದು.

ಪಾದಚಾರಿಗಳ ಹಸಿರು ದೀಪ ಎಷ್ಟು ಹೊತ್ತು ಉರಿಯಬೇಕೆಂಬುದನ್ನು ಆ ಕಚೇರಿಯಲ್ಲಿ ಲೆಕ್ಕ ಹಾಕುತ್ತಿರಲಿಲ್ಲ, ನಡೆದು ನೋಡುತ್ತಿದ್ದರು. ಇಲಾಖೆಯ ನೌಕರರೊಬ್ಬರು ಮೂರು ಸಲ ರಸ್ತೆ ದಾಟಬೇಕು, ಸರಾಸರಿ ತೆಗೆದು ವಹಿಯಲ್ಲಿ ಬರೆಯಬೇಕು, ಸಹಿ ಹಾಕಬೇಕು. ಇದು ನಿಯಮ. ಬಿಸಿಲಿಗೆ ಇಳಿಯಲು ಬೇರೆ ಯಾರೂ ಒಪ್ಪದ ಕಾರಣ ಊರಿನ ಹದಿನೆಂಟು ಕೂಡುರಸ್ತೆಗಳನ್ನೂ ಗಾಲಿಯಣ್ಣನವರೇ ಅಳೆದರು. ಬಸ್ ನಿಲ್ದಾಣದ ಎದುರಿನದು ಇಪ್ಪತ್ತೆರಡು ಮೀಟರ್ ಅಗಲ. ಅದಕ್ಕೆ ಹನ್ನೊಂದು ಸೆಕೆಂಡು ಎಂದು ಬರೆದರು. ದೀಪ ಹನ್ನೊಂದು ಸೆಕೆಂಡು ಉರಿಯಿತು. ಇಷ್ಟು ವರ್ಷಗಳಲ್ಲಿ ಒಂದು ದೂರೂ ಬಂದಿಲ್ಲವೆಂಬುದು ಅವರ ಹೆಮ್ಮೆ. ದೂರು ಕೊಡುವವರು ಕಚೇರಿಗೆ ಬರಬೇಕಿತ್ತು. ಕಚೇರಿ ಅದೇ ರಸ್ತೆಯ ಆಚೆ ಬದಿಗಿತ್ತು.

ಐವತ್ತಾರನೆಯ ವಯಸ್ಸಿನಲ್ಲಿ ಅವರ ಹೆಂಡತಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಎರಡು ತಿಂಗಳ ನಂತರ ಕೆಲಸಕ್ಕೆ ಮರಳಿದಳು. ಕೈ ಮೊದಲಿನಂತೆಯೇ ಓಡುತ್ತಿತ್ತು. ಆದರೆ ಅಂಗಡಿಗೆ ಬರಲು ಬಸ್ ನಿಲ್ದಾಣದ ಎದುರಿನ ಆ ರಸ್ತೆಯನ್ನೇ ದಾಟಬೇಕು. ಕಾಲು ಅದರ ಒಂಬತ್ತನೆಯ ಬಿಳಿ ಪಟ್ಟಿ ತಲುಪುವಷ್ಟರಲ್ಲಿ ದೀಪ ಕೆಂಪಾಗುತ್ತಿತ್ತು. ಆದ್ದರಿಂದ ಯಾರಾದರೂ ಕೈಹಿಡಿದು, ವಾಹನಗಳಿಗೆ ಅಡ್ಡನಿಂತು ದಾಟಿಸುವವರೆಗೂ ಅವಳು ಬದಿಯಲ್ಲೇ ಕಾಯುತ್ತಿದ್ದಳು. ಅಂಥವರು ದಿನವೂ ಸಿಗುತ್ತಿದ್ದರು. ಹೊತ್ತಿಗೆ ಸರಿಯಾಗಿ ಸಿಗುತ್ತಿರಲಿಲ್ಲ.

ಅಂಗಡಿಯ ಯಜಮಾನ ಒಳ್ಳೆಯವನೇ. "ಅಕ್ಕ, ನಿಮ್ಮ ಕೆಲಸಕ್ಕೆ ಹೆಸರಿಡೋ ಹಾಗಿಲ್ಲ," ಎಂದ. "ಆದ್ರೆ ದಿನಾ ಅರ್ಧ ಗಂಟೆ ತಡ. ಶಾಲೆ ಶುರುವಾಗೋ ಸಮಯ ಬೇರೆ. ಈ ತಿಂಗಳು ನೋಡ್ತೀನಿ. ಆಮೇಲೆ ಯಂತ್ರಕ್ಕೆ ಬೇರೆಯವರನ್ನ ಕೂರಿಸ್ಬೇಕಾಗುತ್ತೆ."

ಮನೆಯಲ್ಲಿ ಅವಳು ಈ ವಿಷಯ ಎತ್ತಿದಾಗ ಗಾಲಿಯಣ್ಣ ತಪ್ಪು ಎಲ್ಲಿದೆಯೆಂದು ಕೂಡಲೇ ಹೇಳಿದರು.

"ಹಸಿರು ಬಂದಮೇಲೂ ಯೋಚನೆ ಮಾಡ್ತಾ ನಿಲ್ತೀಯ. ಬಂದ ತಕ್ಷಣ ಕಾಲು ಎತ್ತಬೇಕು."

"ಎತ್ತೋ ಕಾಲಿದ್ರೆ ಎತ್ತಲ್ವೇನ್ರೀ?"

ಅಭ್ಯಾಸ ಸಾಲದೆಂದು ಅವರು ತೀರ್ಮಾನಿಸಿದರು. ಮುಂಬಾಗಿಲಿನಿಂದ ಅಡುಗೆಮನೆಯ ಗೋಡೆಗೆ ಐದೂವರೆ ಮೀಟರ್. ಎರಡು ಸಲ ಹೋಗಿ ಬಂದರೆ ಇಪ್ಪತ್ತೆರಡು. ನೆಲದ ಮೇಲೆ ಸೀಮೆಸುಣ್ಣದಿಂದ ಪಟ್ಟಿ ಎಳೆದು, ಕುರ್ಚಿಯಲ್ಲಿ ಕುಳಿತು, ಸೆಕೆಂಡು ಅಳೆಯುವ ಗಡಿಯಾರ ಒತ್ತಿದರು.

"ಇಪ್ಪತ್ತೊಂಬತ್ತು. ತಿರುಗೋದಕ್ಕೆ ಎರಡು ಬಿಟ್ರೂ ಇಪ್ಪತ್ತೇಳು. ಇನ್ನೊಂದ್ಸಲ."

"ಮಂಡಿಗೆ ಲೋಹ ಹಾಕಿದ ಡಾಕ್ಟರಿಗೆ ನಿಮ್ಮ ಹನ್ನೊಂದರ ಕಥೆ ಮೊದಲೇ ಹೇಳ್ಬೇಕಿತ್ತು," ಎಂದು ಅವಳು ಗೋಡೆ ಹಿಡಿದು ನಿಂತಳು. "ಸ್ಪ್ರಿಂಗ್ ಹಾಕಿ ಕೊಡ್ತಿದ್ರೇನೋ."

ತಿಂಗಳು ಮುಗಿಯಲು ಆರು ದಿನವಿದ್ದಾಗ ಗಾಲಿಯಣ್ಣ ಅರ್ಧ ದಿನದ ರಜೆ ಹಾಕಿದರು. ಅವಳ ತಪ್ಪನ್ನು ಕಣ್ಣಾರೆ ನೋಡುವುದು ಉದ್ದೇಶ. ತಾವು ಮೊದಲೇ ದಾಟಿ ಆಚೆ ನಿಂತು, ಗಡಿಯಾರ ಹಿಡಿದು ಕೈಬೀಸಿ ಕರೆದರು. ಹಸಿರು ಬಂದ ಕ್ಷಣಕ್ಕೇ ಅವಳು ಕಾಲು ಇಳಿಸಿದಳು. ಯೋಚನೆ ಮಾಡುತ್ತ ನಿಲ್ಲಲಿಲ್ಲ. ಒಂಬತ್ತನೆಯ ಪಟ್ಟಿಯಲ್ಲಿ ದೀಪ ಕೆಂಪಾಯಿತು. ಎರಡೂ ಕಡೆಯ ಬಸ್ಸುಗಳು ಹೊರಟವು. ನೀರಿನ ಟ್ಯಾಂಕರೊಂದು ಅವಳ ಬುತ್ತಿಯ ಚೀಲವನ್ನು ಸವರಿಕೊಂಡೇ ಹೋಯಿತು. ಅವಳು ಚೀಲವನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿ ನಿಂತಳು. ಊರಿನಲ್ಲೇ ವೇಗವಾಗಿ ನಡೆಯುವ ಮನುಷ್ಯ ಹದಿಮೂರು ಮೀಟರ್ ದೂರದಲ್ಲಿ ನಿಂತು ಮುಂದಿನ ಹಸಿರಿಗಾಗಿ ಕಾದರು. ಗಡಿಯಾರವನ್ನು ನಿಲ್ಲಿಸುವುದು ಅವರಿಗೆ ಮರೆತುಹೋಗಿತ್ತು.

ಅವಳನ್ನು ಅಂಗಡಿಗೆ ಬಿಟ್ಟು ಬಂದು ಮಧ್ಯಾಹ್ನದವರೆಗೂ ಅವರು ಅಲ್ಲೇ ನಿಂತರು. ಒಂದು ಬಸ್ಸಿನಿಂದ ಇಳಿದ ಮೂವತ್ತು ಮಂದಿಯಲ್ಲಿ ಹನ್ನೊಂದು ಸೆಕೆಂಡಿಗೆ ದಾಟಿದವರು ನಾಲ್ವರು. ನಾಲ್ವರೂ ಓಡುತ್ತಿದ್ದರು.

ಮರು ಅಳತೆಗೆ ಅರ್ಜಿ ಬರೆದಾಗ ಕಚೇರಿಯ ಇಂಜಿನಿಯರ್, ಚಿಕ್ಕ ವಯಸ್ಸಿನವನು, ಹುಬ್ಬೇರಿಸಿದ. "ಅಳೆದವರು ನೀವೇ ಅಲ್ವಾ?"

"ನಾನೇ. ಪುನಃ ನಾನೇ ಅಳೀತೀನಿ."

ಮಾರನೆಯ ಬೆಳಿಗ್ಗೆ ಅವರು ಹೆಂಡತಿಯ ತೋಳು ಹಿಡಿದು, ಅವಳ ಚೀಲ ತಮ್ಮ ಹೆಗಲಿಗೆ ಹಾಕಿಕೊಂಡು ಮೂರು ಸಲ ರಸ್ತೆ ದಾಟಿದರು. ಅಷ್ಟು ಹೊತ್ತೂ ಪೊಲೀಸಿನವನೊಬ್ಬ ವಾಹನಗಳನ್ನು ತಡೆದು ಬೈಗುಳ ತಿಂದ. ಮೂರು ಸಲವೂ ಇಪ್ಪತ್ತೇಳು ಸೆಕೆಂಡು.

"ಇಪ್ಪತ್ತೇಳಾ?" ಇಂಜಿನಿಯರ್ ನಕ್ಕ. "ಏನ್ ಗಾಲಿಯಣ್ಣ, ಪಂಕ್ಚರ್ರಾ? ಮನೆಯವರನ್ನ ಕರ್ಕೊಂಡು ನಡೆದೆ ಅಂತ ಬರೆದ್ರೆ ಅಳತೆ ರದ್ದಾಗುತ್ತೆ. ಹೊರಗಿನವರ ಕಾಲು ಲೆಕ್ಕಕ್ಕಿಲ್ಲ."

"ನಡೆದವನು ನಾನು. ನನ್ನ ಕಾಲಿಗೆ ಇಪ್ಪತ್ತೇಳು ಹಿಡೀತು."

"ಹಾಗಾದ್ರೆ ವ್ಯತ್ಯಾಸಕ್ಕೆ ಕಾರಣ ಏನು ಅಂತ ಬರೀಬೇಕು. ನಿಮಗೆ ನಡಿಗೆ ಸಾಗಲ್ಲ ಅಂತ ಬರೆದ್ರೆ, ನಾಳೆಯಿಂದ ನಿಮ್ಮನ್ನ ರಸ್ತೆಗೆ ಬಿಡೋ ಹಾಗಿಲ್ಲ. ಯೋಚನೆ ಮಾಡಿ."

ಗಾಲಿಯಣ್ಣ ಕಾರಣದ ಅಂಕಣದಲ್ಲಿ "ಅಳತೆಗಾರನ ನಡಿಗೆ ನಿಧಾನ" ಎಂದು ದುಂಡಗೆ ಬರೆದು ಸಹಿ ಹಾಕಿದರು. ಅಂದು ಸಂಜೆ ಕಂಬದ ಪೆಟ್ಟಿಗೆ ತೆರೆದು ಹನ್ನೊಂದನ್ನು ಇಪ್ಪತ್ತೇಳು ಮಾಡಿದರು. ರಸ್ತೆಯಲ್ಲಿ ಅವರು ಮಾಡಿದ ಕೊನೆಯ ಕೆಲಸ ಅದು. ಮರುದಿನ ಅವರನ್ನು ಬಲ್ಬುಗಳ ಉಗ್ರಾಣಕ್ಕೆ ಹಾಕಿದರು.

ಅದೇ ಬೆಳಿಗ್ಗೆ ಅವರ ಹೆಂಡತಿ ನನಗಿಂತ ಐದು ನಿಮಿಷ ಮೊದಲೇ ಬಂದು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಯಜಮಾನ ಗೋಡೆಯ ಗಡಿಯಾರ ನೋಡಿ, ಬಟ್ಟೆಯ ಹೊಸ ಕಟ್ಟೊಂದನ್ನು ಅವಳ ಮುಂದಿಟ್ಟ. ತಿಂಗಳು ಮುಗಿದ ಮೇಲೂ ಆ ಯಂತ್ರಕ್ಕೆ ಬೇರೆಯವರನ್ನು ಕೂರಿಸಲಿಲ್ಲ. ವಾಹನದವರು ಒಂದು ವಾರ ಹಾರ್ನ್ ಬಾರಿಸಿ, ದೀಪಕ್ಕೆ ಕಿವಿಯಿಲ್ಲವೆಂದು ಅರಿತು ಸುಮ್ಮನಾದರು.

ಉಳಿದ ಹದಿನೇಳು ಕೂಡುರಸ್ತೆಗಳ ಮರು ಅಳತೆಗೂ ಗಾಲಿಯಣ್ಣ ಉಗ್ರಾಣದಿಂದಲೇ ಅರ್ಜಿ ಬರೆದರು. ಯಾರನ್ನು ಕಳಿಸುವುದೆಂದು ಇಂಜಿನಿಯರ್ ಕೇಳಿದಾಗ, ಕಡತಗಳ ಕೋಣೆಯ ಮೇಡಂ ಅವರ ಹೆಸರನ್ನು ಸೂಚಿಸಿದರು. ನಿವೃತ್ತಿಗೆ ಐದು ತಿಂಗಳಿದ್ದ ಆಕೆ ಮೆಟ್ಟಿಲೇರಲಾಗದೆ ಕೆಳಗಿನ ಕೋಣೆ ಕೇಳಿ ಪಡೆದವರು. ಹೊರಡುವ ಮುಂಚೆ ಆಕೆ ಉಗ್ರಾಣದ ಬಾಗಿಲಲ್ಲಿ ನಿಂತು ಕೇಳಿದರು:

"ಅಲ್ಲ ಗಾಲಿಯಣ್ಣ, ಮಧ್ಯೆ ಒಂದ್ಸಲ ಉಸಿರು ತಗೊಳ್ಳೋಕೆ ನಿಂತ್ರೆ ತಪ್ಪಾಗುತ್ತಾ?"

"ನಿಲ್ಲಿ ಮೇಡಂ," ಎಂದರು ಗಾಲಿಯಣ್ಣ, ಗಡಿಯಾರವನ್ನು ಅವರ ಕೈಗೆ ಕೊಡುತ್ತ. "ನಿಲ್ಲಬಾರದು ಅಂತ ನಿಯಮದಲ್ಲಿ ಎಲ್ಲೂ ಇಲ್ಲ."