ನರ್ಸಮ್ಮ ಆನ್‌ಲೈನ್

ಮೊಣಕಾಲು ನೋವು ಎಂದು ಮನೆಯಲ್ಲೇ ಉಳಿದಿದ್ದ ನಮ್ಮ ಅತ್ತೆ, ನಾವು ಬಾಗಿಲು ತೆಗೆದು ಒಳಗೆ ಬಂದಾಗ ಡ್ರ್ಯಾಗನ್ ಜೊತೆ ಯುದ್ಧದಲ್ಲಿದ್ದರು.

ತಮಾಷೆಯಲ್ಲ. ಕಂಪ್ಯೂಟರ್ ಪರದೆಯ ತುಂಬ ಬೆಂಕಿ. ಇಪ್ಪತ್ತು ಇಪ್ಪತ್ತೈದು ಜನ ಕತ್ತಿ ಹಿಡಿದು ನುಗ್ಗುತ್ತಿದ್ದಾರೆ. ಅವರ ಹಿಂದೆ ಬಿಳಿ ನಿಲುವಂಗಿ ತೊಟ್ಟ ಒಬ್ಬ ಹುಡುಗಿ ನಿಂತಿದ್ದಾಳೆ. ಅವಳೇ ನಮ್ಮ ಅತ್ತೆ. ವಯಸ್ಸು ಅರವತ್ತೊಂದು (ಪರದೆಯ ಮೇಲೆ ಇಪ್ಪತ್ತು ದಾಟಿರಲಿಲ್ಲ).

ಅವತ್ತು ಕುರುಗೋಡಿನಲ್ಲಿ ನನ್ನ ಅಣ್ಣನ ಮಗಳು ಕವಿತಾಳ ಚೊಚ್ಚಲ ಕೂಸಿನ ನಾಮಕರಣ. ಅತ್ತೆಯನ್ನು ವಿಶೇಷವಾಗಿ ಕರೆದಿದ್ದರು. ಬೆಳಿಗ್ಗೆ ಅವರು ಕಾಲು ಹಿಡಿದುಕೊಂಡು ಕುಳಿತರು. ನಾವಿಬ್ಬರೇ ಹೋದೆವು. ಊಟಕ್ಕೆ ಕೂರುವಷ್ಟರಲ್ಲಿ ನಮ್ಮ ಯಜಮಾನರ ಫೋನು ಶುರುವಾಯಿತು. ಅವರದು ಲಾರಿ ಟ್ರಾನ್ಸ್‌ಪೋರ್ಟ್ ಆಫೀಸು. ಎಲ್ಲೋ ಅದಿರಿನ ಲಾರಿಗಳು ಸಾಲುಗಟ್ಟಿ ನಿಂತಿವೆಯಂತೆ. ಗಣಿ ಜೋರಾದ ಮೇಲೆ ಬಳ್ಳಾರಿಯಲ್ಲಿ ಎಲ್ಲರಿಗೂ ಎಲ್ಲವೂ ಅರ್ಜೆಂಟು. ಹೋಳಿಗೆ ಅರ್ಧಕ್ಕೆ ಬಿಟ್ಟು ಮೂರು ಗಂಟೆಗೆಲ್ಲ ಕಂಟೋನ್ಮೆಂಟಿನ ನಮ್ಮ ಮನೆಗೆ ವಾಪಸ್.

ಬಂದು ನೋಡಿದರೆ, ಈ ಯುದ್ಧ.

ಅತ್ತೆ ತಿರುಗಿ ನೋಡಲಿಲ್ಲ. ಒಂದು ಕೈ ಎತ್ತಿ "ಎರಡ ನಿಮಿಷ ತಡಿ, ಮಂದಿ ಸಾಯಾಕತ್ತ್ಯಾರ" ಅಂದರು.

ನನಗೆ ಮೈಯೆಲ್ಲ ಉರಿಯಿತು. ಆಟ ಆಡಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ. ನನ್ನ ತವರಿನ ಕಾರ್ಯಕ್ಕಿಂತ ಈ ಗೊಂಬೆಗಳು ಹೆಚ್ಚಾದವಾ? ಇಂಟರ್ನೆಟ್ ಮೋಡೆಮ್ ಕಿತ್ತು, ಬೀರುವಿನಲ್ಲಿಟ್ಟು ಬೀಗ ಹಾಕಿದೆ. (ಹೌದು, ಅತ್ತೆಗೆ ಶಿಕ್ಷೆ ಕೊಟ್ಟ ಸೊಸೆ ನಾನೇ. ಬೈಯುವವರು ಬೈಯಬಹುದು.)

ಈ ಆಟ ಅವರಿಗೆ ಅಂಟಿಸಿದ್ದು ನನ್ನ ಮಗಳು. ಓದಲು ಧಾರವಾಡಕ್ಕೆ ಹೋಗುವಾಗ, ತನ್ನ ಅಕೌಂಟ್ ಹಾಳಾಗಬಾರದೆಂದು ಅಜ್ಜಿಗೆ ಕಲಿಸಿಕೊಟ್ಟು ಹೋದಳು. ಅದರಲ್ಲಿ ಕೆಲವರು ಹೊಡೆದಾಡುತ್ತಾರೆ, ಕೆಲವರು ಗಾಯ ವಾಸಿ ಮಾಡುತ್ತಾರೆ. ಅತ್ತೆಯದು ವಾಸಿ ಮಾಡುವ ಪಾತ್ರ. ಅವರೊಂದು ಬಟನ್ ಒತ್ತಿದರೆ ಬಿದ್ದವನು ಎದ್ದು ನಿಲ್ಲುತ್ತಾನೆ. ಜೊತೆಗೆ ಆಡುವವರು ಎಲ್ಲೆಲ್ಲಿಯದೋ ದೇಶದ ಜನ, ಮುಖ ಗೊತ್ತಿಲ್ಲ. ಅತ್ತೆಗೆ ಬರುವ ಇಂಗ್ಲಿಷ್ ಆಸ್ಪತ್ರೆಯ ಕೇಸ್ ಶೀಟ್ ಬರೆಯುವಷ್ಟು. ಅಷ್ಟು ಸಾಕಾಗಿತ್ತು.

ಮೋಡೆಮ್ ಕಿತ್ತ ಮೇಲೆ ಅತ್ತೆ ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಮಡಚಿಟ್ಟ ಬಟ್ಟೆಗಳನ್ನೇ ಬಿಚ್ಚಿ ಮತ್ತೆ ಮಡಚಿದರು. ಗೇಟಿನ ಹತ್ತಿರ ಹೋಗಿ ನಿಂತರು, ಬಂದರು. ಮೂರನೆಯ ದಿನ ಅನ್ನ ಅರ್ಧಕ್ಕೆ ಬಿಟ್ಟು ಎದ್ದರು. ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕುಳಿತು ಕೇಳಿದೆ, ಕುರುಗೋಡಿಗೆ ಯಾಕೆ ಬರಲಿಲ್ಲ ಅಂತ.

ಅತ್ತೆ ಹೇಳಿದರು.

"ಹಚ್ಚೊಳ್ಳ್ಯಾಗ ಇದ್ದಾಗ ಕೂಸಿನ ಮನಿಗೆ ಹೋದ್ರ ನಾನು ಒಳಗ ಹೋಗ್ತಿದ್ದೆ, ಉಳಿದೋರು ಹೊರಗ ನಿಂದರ್ತಿದ್ರು. ಈಗ ಹೋದ್ರ ಒಂದು ಕುರ್ಚಿ ಹಾಕ್ತಾರ. ನೀವು ಸುಮ್ನ ಕುಂದರ್ರಿ ಅಂತಾರ. ಈ ಆಟದಾಗ ಯಾರೂ ನನಗ ಸುಮ್ನ ಕುಂದ್ರು ಅನ್ನಂಗಿಲ್ಲವ್ವಾ."

ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಲ್ಲಿ ಅತ್ತೆ ಮೂವತ್ತು ವರ್ಷ ನರ್ಸ್ ಆಗಿದ್ದವರು. ಕಾಲುವೆ ದಾಟಿ, ಟ್ರ್ಯಾಕ್ಟರ್ ಹತ್ತಿ ಹೆರಿಗೆಗೆ ಹೋದವರು. ಸುತ್ತಲಿನವರಿಗೆಲ್ಲ ನರ್ಸಮ್ಮ. ರಿಟೈರ್ ಆಗಿ ನಮ್ಮ ಮನೆಗೆ ಬಂದ ಮೊದಲ ವಾರವೇ ಅವರ ಕೈಯಿಂದ ಈಳಿಗೆ ಮಣೆ ಕಸಿದುಕೊಂಡು "ನೀವು ರೆಸ್ಟ್ ಮಾಡ್ರಿ ಅತ್ತಿ" ಅಂದವಳು ಯಾರು? ನಾನೇ. ಪ್ರೀತಿಯಿಂದಲೇ ಅಂದಿದ್ದೆ. ಮಗನಿಗೆ ಲಾರಿ, ಸೊಸೆಗೆ ಕಾಲೇಜು ಪಾಠ ಮತ್ತು ಈ ಅಂಕಣ. ಇಡೀ ಊರು ಓಡುತ್ತಿರುವಾಗ ಕೆಲಸವಿಲ್ಲದೆ ಕುಳಿತವರು ಅವರೊಬ್ಬರೇ.

ಎದ್ದು ಹೋಗಿ ಬೀರು ತೆಗೆದೆ.

ಲಾಗಿನ್ ಆಗುತ್ತಿದ್ದಂತೆ ಪರದೆಯ ಮೂಲೆಯಲ್ಲಿ ಮೆಸೇಜುಗಳು ಬಂದು ಬಿದ್ದವು. ಎಲ್ಲಿದ್ದೀರಿ? ಹುಷಾರಾಗಿದ್ದೀರಾ? ಒಬ್ಬ ಬರೆದಿದ್ದ: ನೀವಿಲ್ಲದೆ ನಾವು ಮೂರು ಸಲ ಸತ್ತೆವು. ಅತ್ತೆ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಓದಿದರು. ಕೊನೆಯದನ್ನು ಎರಡು ಸಲ ಓದಿದರು. ನಾನು ಅಡುಗೆಮನೆಗೆ ಹೋದೆ (ಕಣ್ಣಿಗೆ ಏನೋ ಬಿದ್ದಿತ್ತು).

ಹತ್ತು ದಿನ ಕಳೆದಿರಬೇಕು, ಕವಿತಾ ಫೋನ್ ಮಾಡಿ ಅಳತೊಡಗಿದಳು. ಕೂಸು ಸರಿಯಾಗಿ ಹಾಲು ಕುಡಿಯುತ್ತಿಲ್ಲ, ಒಂದೇ ಸಮನೆ ಅಳುತ್ತದೆ, ತೂಕ ಇಳಿದಿದೆ. ಡಾಕ್ಟರ್ ಕಾಯಿಲೆ ಏನೂ ಇಲ್ಲ ಅಂದಿದ್ದಾರೆ, ಆದರೂ ಮನೆಯವರಿಗೆಲ್ಲ ಗಾಬರಿ. ನಾನು ಫೋನನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ನಾಲ್ಕೈದು ಪ್ರಶ್ನೆ ಕೇಳಿದರು. ಅರ್ಧ ಗಂಟೆಯಲ್ಲಿ ಬ್ಯಾಗು ತುಂಬಿಕೊಂಡು ಒಬ್ಬರೇ ಕುರುಗೋಡಿನ ಬಸ್ ಹತ್ತಿದರು. ಮೊಣಕಾಲಿನ ಸುದ್ದಿಯೇ ಇಲ್ಲ.

ನಾಲ್ಕು ದಿನ ಅಲ್ಲಿದ್ದರು. ಕವಿತಾ ಕೂಸನ್ನು ಎದೆಗೆ ಹಿಡಿಯುತ್ತಿದ್ದ ರೀತಿಯೇ ಸರಿಯಿರಲಿಲ್ಲವಂತೆ. ಪಕ್ಕದಲ್ಲಿ ಕುಳಿತು, ಹೊತ್ತು ಹೊತ್ತಿಗೆ ತೋರಿಸಿಕೊಟ್ಟು ಸರಿ ಮಾಡಿದರು. ಕೂಸು ಹೊಟ್ಟೆ ತುಂಬ ಕುಡಿದು ಮಲಗಿತು. ಬಾಣಂತಿಯೂ ಮಲಗಿದಳು. ಆಮೇಲೆ ಫೋನಿನಲ್ಲಿ ನಮ್ಮಣ್ಣ ಹೇಳಿದ ಒಂದು ಮಾತು ನನಗೆ ಬಹಳ ಹಿಡಿಸಿತು. ನಾಲ್ಕು ದಿನ ಮನೆಯವರೆಲ್ಲ ಅವರು ಹೇಳಿದಂತೆ ಕೇಳಿಕೊಂಡಿದ್ದೆವು ಎಂದ.

ನಾನು ಒಳಗೊಳಗೇ ಬೀಗಿದೆ. ನಿಜವಾದ ಕೆಲಸ ಸಿಕ್ಕಿತಲ್ಲ, ಇನ್ನು ಆಟ ತಾನಾಗಿ ಬಿಟ್ಟುಹೋಗುತ್ತದೆ ಅಂದುಕೊಂಡೆ.

ಬಿಟ್ಟುಹೋಯಿತಾ? ಅತ್ತೆ ಮಧ್ಯಾಹ್ನ ಬಂದರು, ಕಾಲು ತೊಳೆದರು, ನೀರು ಕುಡಿದರು, ಕಂಪ್ಯೂಟರ್ ಆನ್ ಮಾಡಿದರು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ.

"ಕೂಸು ಆರಾಮ ಐತಿ" ಅಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ. "ಇನ್ನ ಅಲ್ಲಿ ನನ್ನ ಕೆಲಸ ಇಲ್ಲ."

ಎಷ್ಟು ಸರಳವಾದ ಲೆಕ್ಕ. ನಮ್ಮ ಬದುಕಿನಲ್ಲಿ ಕೆಲಸಗಳು ಮುಗಿದುಹೋಗುತ್ತವೆ. ಕೂಸು ಬೆಳೆಯುತ್ತದೆ, ಸರ್ವೀಸ್ ಮುಗಿಯುತ್ತದೆ, ಹಾರ ಹಾಕಿ ಕಳಿಸುತ್ತಾರೆ. ಈ ಆಟ ತಯಾರಿಸಿದವನು ಬುದ್ಧಿವಂತ. ಇವತ್ತು ಸತ್ತ ಡ್ರ್ಯಾಗನ್ ಮುಂದಿನ ವಾರ ಎದ್ದು ಕೂರುತ್ತದೆ. ಗಾಯ ಆಗುತ್ತಲೇ ಇರುತ್ತದೆ, ವಾಸಿ ಮಾಡುವವರು ಬೇಕಾಗುತ್ತಲೇ ಇರುತ್ತಾರೆ. ಜನ ಮತ್ತೆ ಮತ್ತೆ ಆಟಕ್ಕೆ ಹೋಗುವುದು ಗೆಲ್ಲುವುದಕ್ಕೆ ಅಂತ ನಾನು ತಿಳಿದಿದ್ದೆ. ಗೆದ್ದ ಮೇಲೂ ಹೋಗುತ್ತಾರಲ್ಲ, ಅದು ಯಾಕೆ ಅಂತ ಯೋಚಿಸಿರಲಿಲ್ಲ. ನಾಳೆಯೂ ನಾನು ಬೇಕಾಗುತ್ತೇನೆ ಎನ್ನುವ ಖಾತ್ರಿ ಅಷ್ಟು ಸುಲಭವಾಗಿ ಇನ್ನೆಲ್ಲಿ ಸಿಗುತ್ತದೆ?

ಇದು ಚಟವಲ್ಲವೇ ಎಂದು ನೀವು ಕೇಳಬಹುದು. ಸ್ವಲ್ಪ ಹೌದು. ನಾನೂ ಟೈಮ್ ಗೊತ್ತು ಮಾಡಿದ್ದೇನೆ, ಅತ್ತೆಯೂ ಒಪ್ಪಿದ್ದಾರೆ. ಈಳಿಗೆ ಮಣೆಯನ್ನು ಮಾತ್ರ ಅವರಿಗೇ ವಾಪಸ್ ಕೊಟ್ಟಿದ್ದೇನೆ. ಬದನೆಕಾಯಿ ನನಗಿಂತ ಚೆನ್ನಾಗಿ ಹೆಚ್ಚುತ್ತಾರೆ.

ಮೊನ್ನೆ ಭಾನುವಾರ ಪೇಪರ್ ಓದುತ್ತ ಕುಳಿತಿದ್ದೆ. ಅತ್ತೆ ಕೋಣೆಯಿಂದಲೇ ಕೂಗಿದರು. "ಶೈಲಾ, ಬಾ ಇಲ್ಲೆ. ಒಬ್ರು ಕಮ್ಮಿ ಬಿದ್ದಾರ. ನಿನಗ ಏನೂ ಬರದಿದ್ರೂ ನಡೀತೈತಿ."

ಪೇಪರ್ ಮಡಚಿಟ್ಟು, ಅಂಕಣ ಬರೆಯುವ ನನ್ನ ಲ್ಯಾಪ್‌ಟಾಪ್ ಎತ್ತಿಕೊಂಡು ಹೋದೆ. ಐದೇ ನಿಮಿಷದಲ್ಲಿ ಸತ್ತೆ. ಅತ್ತೆ ಎಬ್ಬಿಸಿದರು. ಮತ್ತೆ ಸತ್ತೆ. ಮತ್ತೆ ಎಬ್ಬಿಸಿದರು. ಊಟದ ಹೊತ್ತು ಮೀರಿದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

ಒಬ್ಬರು ಕಮ್ಮಿ ಬಿದ್ದಿದ್ದಾರೆ, ಬನ್ನಿ ಎಂದು ನಿಮ್ಮನ್ನು ಯಾರಾದರೂ ಕರೆದು ಎಷ್ಟು ದಿನವಾಯಿತು?